ತಿಮ್ಮೇಗೌಡರ ಗಿಟಾರಿನ ಗೊರ್ರ್

ಒಂದೂವರೆ ಅಡಿ ಉದ್ದದ ಹಸಿರು ವೈರು. ಅದರ ಒಂದು ತುದಿಯನ್ನು ಗಿಟಾರಿಗೆ ಸ್ಪೀಕರಿನ ವೈರು ತೂರಿಸುವ ಜಾಗದ ತಗಡಿಗೆ ಬೆಸುಗೆ ಹಾಕಲಾಗಿತ್ತು. ಇನ್ನೊಂದು ತುದಿಯಲ್ಲಿ ಹಲ್ಲುಗಳಿದ್ದ ಸಣ್ಣ ಕ್ಲಿಪ್ಪು. ತಿಮ್ಮೇಗೌಡರು ವೇದಿಕೆಯ ಕುರ್ಚಿಯಲ್ಲಿ ಕೂತು, ಗಿಟಾರನ್ನು ತೊಡೆಗೇರಿಸಿ, ಅಂಗಿಯ ಅಂಚನ್ನು ನಾಲ್ಕು ಬೆರಳು ಮೇಲೆತ್ತಿ, ಆ ಕ್ಲಿಪ್ಪನ್ನು ತಮ್ಮ ಬೆಳ್ಳಿ ಉಡಿದಾರಕ್ಕೆ ಕಚ್ಚಿಸುತ್ತಿದ್ದರು. ಅಲ್ಲಿಯವರೆಗೆ ಸ್ಪೀಕರಿನಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್ ಎನ್ನುತ್ತಿದ್ದ ಸದ್ದು ತಟ್ಟನೆ ಅಡಗುತ್ತಿತ್ತು. ಜನ ಅದನ್ನು ಯಾವುದೋ ದೇವರ ಹರಕೆ ಎಂದುಕೊಂಡಿದ್ದರು.

ಹರಕೆಯಲ್ಲ, ಅರ್ಥಿಂಗ್. ತಂತಿಗಳನ್ನು ಒಳಗಿನ ಅರ್ಥ್‌ಗೆ ಸೇರಿಸುವ ಒಂದು ವೈರು ಎಂದೋ ತುಂಡಾಗಿತ್ತು. ಅದನ್ನು ಹುಡುಕಿ ಸೇರಿಸುವ ಬದಲು ತಿಮ್ಮೇಗೌಡರು ತಮ್ಮನ್ನೇ ಸೇರಿಸಿಕೊಂಡಿದ್ದರು. ಆ್ಯಂಪ್ಲಿಫೈಯರ್ ಕೆಟ್ಟ ದಿನ ಜೀವಕ್ಕೇ ಅಪಾಯ ಎಂದು ನಾನು ಒಮ್ಮೆ ಹೇಳಿದ್ದೆ. "ಮೈಗೂ ಗಿಟಾರ್ಗೂ ಸಂಬಂಧ ಇರ್ಬೇಕು ಕಣವ್ವಾ. ಇಲ್ದಿದ್ರೆ ಅದು ಪರ್ದೇಸಿ ಮಗೀನಂಗೆ ಅಳ್ತದೆ" ಎಂದರು.

ಚನ್ನರಾಯಪಟ್ಟಣದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ಅವರ ಮೈಕ್ ಸೆಟ್ ಅಂಗಡಿ. ದಂಡಿಗನಹಳ್ಳಿ ಕಡೆಯಿಂದ ದಿನಾ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಪ್ರಾಯದಲ್ಲಿ ಅವರದೊಂದು ಆರ್ಕೆಸ್ಟ್ರಾ ಇತ್ತು. ಹಾಸನ ಜಿಲ್ಲೆಯಲ್ಲಿ ಅವರು ನುಡಿಸದ ಗಣಪತಿ ಪೆಂಡಾಲ್ ಇಲ್ಲ ಎಂಬುದು ಅವರದೇ ಮಾತು. ಗಿಟಾರಿಗೆ ನನ್ನ ಎರಡು ಪಟ್ಟು ವಯಸ್ಸು. ಕೆಂಪು ಬಣ್ಣ ಹೋಗಿ ಮೊಣಕೈ ಒರಗುವಲ್ಲಿ ಮರ ಕಾಣುತ್ತಿತ್ತು. ನಾನು ಹಾಸನದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮೆಟ್ಟಿಲ ಹತ್ತಿರ ಎದುರಾದಾಗ ನನ್ನದು ಒಂದು ನಗೆ, ಅವರದು ಒಂದು ಕಥೆ.

ಆ ಕಥೆಗಳಲ್ಲಿ ನನಗೆ ಪ್ರಿಯವಾದದ್ದು ಶಾಂತಿಗ್ರಾಮದ್ದು. ಕಾರ್ಯಕ್ರಮದ ನಡುವೆ ಮುಖ್ಯ ಅತಿಥಿಗಳು ಹಾರ ಹಾಕಲು ಬಂದರು. ಗೌಡರು ಗಿಟಾರನ್ನು ಕುರ್ಚಿಗೊರಗಿಸಿ, ಕ್ಲಿಪ್ಪು ಬಿಚ್ಚುವುದನ್ನು ಮರೆತು ಎದ್ದರು. ವೈರು ಬಿಗಿಯಿತು, ಅರ್ಧ ಬಗ್ಗಿದಲ್ಲೇ ನಿಂತು ಕೈ ಮುಗಿದರು. ಇಷ್ಟು ವಿನಯ ಕಂಡಿರದ ಅತಿಥಿಗಳು ತಾವೂ ಅಷ್ಟೇ ಬಗ್ಗಿದರು. "ನಾನು ಏಳಂಗಿಲ್ಲ, ನಾನು ಏಳೋಗಂಟ ಅವ್ರೂ ಏಳಾಕಿಲ್ಲ. ಜನ ಚಪ್ಪಾಳೆ ವಡದ್ದೇ ವಡದ್ದು!"

ಅವರು ನಗದೆ ಹೇಳುತ್ತಿದ್ದ ಕಥೆ ಒಂದೇ, ಅರಕಲಗೂಡಿನದು. ಆರ್ಕೆಸ್ಟ್ರಾದ ಗಾಯಕಿ ಹೊಳೆನರಸೀಪುರದ ಶಾರದಮ್ಮ, ಹಗಲು ಹೊತ್ತು ಶಾಲೆಯ ಮೇಡಂ. ಗಿಟಾರಿನ ಸದ್ದಿನ ಗುಂಡಿ ತಿರುಗಿಸಿದಾಗಲೆಲ್ಲ ಗೊರ್ರ್ ಎನ್ನುತ್ತಿತ್ತು. ಅಂದು ಅರಕಲಗೂಡಿನಲ್ಲಿ ಶಾರದಮ್ಮ ಮೆಲುದನಿಯ ಸಾಲೊಂದನ್ನು ಎತ್ತಿಕೊಳ್ಳುವಾಗ ಆ ಸದ್ದು ಎಷ್ಟು ಜೋರಾಗಿ ಬಂತೆಂದರೆ, ಮುಂದೆ ಕೂತಿದ್ದ ಮಗುವೊಂದು ಕಿಟಾರನೆ ಕಿರುಚಿತು. ಶಾರದಮ್ಮ ಮೈಕಿನಲ್ಲೇ, "ತಿಮ್ಮೇಗೌಡ, ನಿನ್ನ ಗಿಟಾರಿಗೆ ಜೀರ್ಣ ಆಗಿಲ್ಲ ಅಂತ ಕಾಣುತ್ತೆ" ಎಂದುಬಿಟ್ಟರು. ಊರೆಲ್ಲ ನಕ್ಕಿತು. ಗೌಡರು ಕ್ಲಿಪ್ಪು ಕಿತ್ತು ವೇದಿಕೆ ಇಳಿದರು. ಅಂದಿನಿಂದ ಅವರಿಬ್ಬರೂ ಜೊತೆಗೆ ವೇದಿಕೆ ಹತ್ತಿರಲಿಲ್ಲ, ಮಾತೂ ಆಡಿರಲಿಲ್ಲ.

ಒಂದು ಭಾನುವಾರ ನಾನು ಮಹಡಿಯ ಮೇಲೆ ನಮ್ಮ ಹಳೆಯ ರೇಡಿಯೋಗೆ ಬೆಸುಗೆ ಹಾಕುತ್ತಿದ್ದುದನ್ನು ಅವರು ನೋಡಿದರು. ಮಾರನೆಯ ವಾರ ದುಪ್ಪಟಿಯಲ್ಲಿ ಸುತ್ತಿದ ಗಿಟಾರನ್ನು ಎತ್ತಿಕೊಂಡು ಬಂದರು.

"ಮೇಡಮ್ಮಾ, ಹಳೇ ಆರ್ಕೆಸ್ಟ್ರಾದೋರೆಲ್ಲ ಹೊಳೆನರಸೀಪುರ್ದಾಗೆ ಸೇರ್ತಾವ್ರೆ. ಗೊರ್ ಅನ್ನಾಕಿಲ್ಲ ಅಂದ್ರೆ ಮಾತ್ರ ನನ್ ಗಿಟಾರ್ ಜೊತೆ ಪದ ಯೋಳ್ತಾರಂತೆ ಶಾರದಮ್ಮಾರು. ಒಂದೇ ಒಂದ್ ಪದ ಅವ್ರ ಇಂದ್ಗಡೆ ಬಾರಿಸ್ಬುಡ್ಬೇಕು ನಾನು. ಆಮ್ಯಾಕೆ ಅಟ್ಟಕ್ಕೆ ಆಕ್ಬುಡ್ತೀನಿ ಇದ್ನ."

ಹಿಂದಿನ ಮುಚ್ಚಳ ಬಿಚ್ಚಿದೆ. ಇಂಥ ಗಿಟಾರಿನೊಳಗೆ ಇರಬೇಕಾದ್ದು ಬಹಳ ಕಡಿಮೆ: ತಂತಿಗಳ ಅದುರನ್ನು ಹಿಡಿಯುವ ಎರಡು ಸುರುಳಿಗಳು, ಅಲ್ಲಿಂದ ಬರುವ ಕೂದಲೆಳೆಯಂಥ ವೈರುಗಳು, ಸದ್ದು ಏರಿಸಿ ಇಳಿಸಲು ಒಂದು ಗುಂಡಿ, ದನಿಯನ್ನು ಮಂದವಾಗಿಸಲು ಇನ್ನೊಂದು, ಅದಕ್ಕೆ ಕಡಲೆಕಾಳಿನಷ್ಟು ಕೆಪಾಸಿಟರ್. ಗೌಡರ ಗಿಟಾರಿನೊಳಗೆ ಒಂದು ಹೋಬಳಿಯೇ ಇತ್ತು. ಅವರು ಒಂದೊಂದನ್ನೂ ಬೆರಳಿಟ್ಟು ಪರಿಚಯಿಸಿದರು.

"ಈ ಗುಂಡಿ ನಮ್ಮತ್ತೆ ಮನೆ ರೇಡಿಯಾದ್ದು. ಈ ಕೆಂಪು ವೈರು ಪಂಪ್‌ಸೆಟ್ ಸ್ಟಾರ್ಟರ್ದು. ಇದು ಸಾಂತಿಗ್ರಾಮದ ನಮ್ಮ ಭಾವುನ್ ಮನೆ ಫ್ಯಾನಿಂದು. ಪಾಪ, ಆ ವರ್ಸ ಬ್ಯಾಸ್ಗೆನೆಲ್ಲ ಬೀಸಣಿಗೇಲೇ ಕಳ್ದ."

ಫ್ಯಾನಿನ ಕೆಪಾಸಿಟರ್ ಕೂರಿಸಲು ಉಳಿಯಿಂದ ಮರ ಕೆತ್ತಿದ್ದರು. ಅದಕ್ಕೆ ಸೇರಿದ ಗುಂಡಿ ತಿರುಗಿಸಿದರೆ ಹಾಡು ಬಾವಿಗೆ ಬಿದ್ದ ಹಾಗೆ ಕೇಳಿಸುತ್ತಿತ್ತು. ಅದನ್ನು ಅವರು ದುಃಖದ ಹಾಡುಗಳಿಗೆಂದು ಮೀಸಲಿಟ್ಟಿದ್ದರು.

ಆದರೆ ನಾನು ನೋಡುತ್ತಿದ್ದುದು ಬೇರೆಯದನ್ನು. ಒಳಗಿದ್ದದ್ದೆಲ್ಲ ಕೆಂಪಾಗಿತ್ತು. ಗುಂಡಿಗಳ ಸಂದಿಯಲ್ಲಿ, ಬೆಸುಗೆಯ ಮೇಲೆ, ಎಲ್ಲೆಲ್ಲೂ ಪದರ ಪದರವಾಗಿ ಗಟ್ಟಿಕಟ್ಟಿತ್ತು.

"ಇದೇನು ಗೌಡ್ರೇ?"

"ಕುಂಕ್ಮ."

"ಒಳಗೆ?"

"ಮತ್ತೆ? ಆಯ್ಧಪೂಜೆ ದಿನ ಎಲ್ರೂ ಮ್ಯಾಲೆ ಮ್ಯಾಲೇ ಬಳ್ದು ಬುಟ್ಬುಡ್ತಾರೆ. ದುಡಿಯೋವು ಒಳ್ಗಿರೋವಲ್ವಾ? ಬಸ್ಸಿಗೆ ಪೂಜೆ ಮಾಡೋನು ಬಾನೆಟ್ ಎತ್ತಾಕಿಲ್ವಾ?"

ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಬೆಂಕಿಕಡ್ಡಿಯ ತುದಿಯಿಂದ, ವರ್ಷವರ್ಷವೂ ಪ್ರತಿಯೊಂದಕ್ಕೂ ತಪ್ಪದೆ ಇಟ್ಟಿದ್ದರು. ಗುಂಡಿಯೊಳಗಿನ ಕರಿಪಟ್ಟಿಯ ಮೇಲೆ ಸಲೀಸಾಗಿ ಜಾರಬೇಕಾದ ಲೋಹದ ನಾಲಿಗೆ ಕುಂಕುಮದ ದಿಣ್ಣೆಗಳನ್ನು ಹತ್ತಿ ಇಳಿಯುತ್ತಿತ್ತು. ಗೊರ್ರ್ ಎಂಬುದು ಅವರ ಭಕ್ತಿಯ ಸದ್ದು.

ಇದನ್ನು ಆದಷ್ಟು ಮೃದುವಾಗಿ ಹೇಳಿದೆ. ಅವರು ಗಿಟಾರನ್ನು ನನ್ನ ಕಡೆ ಸರಿಸಿದರು. "ಹಂಗಾರೆ ತಗೀರಿ. ಆದ್ರೆ ಬಟ್ಟೇಲಿ ವರ್ಸಿ ಬಿಸಾಕ್ಬ್ಯಾಡಿ, ತುಳಸಿ ಬುಡಕ್ಕೆ ಆಕಿ." ಹಾಗೆಯೇ ಮಾಡಿದೆ. ಗುಂಡಿಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದೆ, ಫ್ಯಾನಿನ ಕೆಪಾಸಿಟರ್ ತೆಗೆದು ಸಣ್ಣದು ಹಾಕಿದೆ, ತಂತಿಗಳ ಬುಡದ ತುಂಡಾದ ವೈರನ್ನು ಸೇರಿಸಿದೆ. ಗೌಡರು ಗುಂಡಿ ತಿರುಗಿಸಿ ಕಿವಿಗೊಟ್ಟರು. ಮತ್ತೆ ತಿರುಗಿಸಿದರು.

"ಸತ್ತೋಯ್ತಾ?"

"ಇಲ್ಲ. ನುಡಿಸಿ ನೋಡಿ."

ನುಡಿಸಿದರು. "ಬೋ ಚೊಕ್ಕಟಾಗದೆ" ಎಂದರು. ಯಾರದೋ ಮನೆಯ ಮಗುವನ್ನು ಹೊಗಳುವ ದನಿ ಅದು.

ಹೊಳೆನರಸೀಪುರಕ್ಕೆ ನನ್ನನ್ನೂ ಕರೆದುಕೊಂಡು ಹೋದರು. "ಕೆಟ್ರೆ ಅಲ್ಲೇ ಕುಯ್ಯಾಕೆ ಡಾಕ್ಟ್ರು ಬೇಕಲ್ಲ?" ಸಣ್ಣದೊಂದು ಸಭಾಂಗಣ, ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಆ ಹಸಿರು ವೈರಿನ ಅಗತ್ಯ ಇನ್ನಿಲ್ಲವೆಂದು ನಾನು ತೆಗೆದಿದ್ದರೂ, ಗೌಡರು ಅದನ್ನು ಜೇಬಿನಿಂದ ತೆಗೆದು ಉಡಿದಾರಕ್ಕೆ ಸುಮ್ಮನೆ ಸಿಕ್ಕಿಸಿಕೊಂಡರು. "ಮೊದ್ಲು ನೋಡ್ದೋರು ವೈರೆಲ್ಲಿ ಅಂತ ಕೇಳ್ತಾರೆ" ಎಂದು ನನ್ನತ್ತ ಪಿಸುಗುಟ್ಟಿದರು.

ಶಾರದಮ್ಮ ಬಂದರು. ಬಿಳಿಗೂದಲು, ಸೆಟೆದ ಬೆನ್ನು. ಇನ್ನೂ ಹಾಜರಿ ಕೂಗುವವರ ಹಾಗೆ ನೋಡುತ್ತಿದ್ದರು.

"ಏನೋ ತಿಮ್ಮೇಗೌಡ, ಗೊರ್ ತಂದಿದ್ದೀಯೋ, ಮನೇಲೇ ಬಿಟ್ಟು ಬಂದಿದ್ದೀಯೋ?"

"ಎಸ್ರಿಗೂ ಇಲ್ಲ ಅಮ್ಮಾರೆ. ನಮ್ಮ ಮೇಡಮ್ಮಾರು ಬುಡ ಸಮೇತ ಕಿತ್ಬುಟ್ರು."

ಹಾಡು ಶುರುವಾಯಿತು. ಗೌಡರು ಮೊದಲ ತುಣುಕನ್ನು ನುಡಿಸಿ, ದನಿಗೆ ಜಾಗ ಬಿಡಲು ಗುಂಡಿ ಇಳಿಸಿದರು. ಸದ್ದೇ ಇಲ್ಲ. ನನಗೆ ಸಮಾಧಾನವಾಯಿತು. ಶಾರದಮ್ಮ ಕಣ್ಣು ಮುಚ್ಚಿ ಮೈಕ್ ಹಿಡಿದು ನಿಂತಿದ್ದರು. ಹಾಡಲಿಲ್ಲ. ಗೌಡರು ಇನ್ನೊಂದು ಸುತ್ತು ನುಡಿಸಿ ಗುಂಡಿ ಇಳಿಸಿದರು. ಶಾರದಮ್ಮ ಹಾಡಲಿಲ್ಲ. ತಬಲದವರು ಗೌಡರನ್ನು ನೋಡಿದರು, ಗೌಡರು ನನ್ನನ್ನು ನೋಡಿದರು. ಬೆರಳುಗಳು ತಡವರಿಸಿ ನಿಂತವು. ಅರಕಲಗೂಡಿನಲ್ಲಿ ವೇದಿಕೆ ಇಳಿದಾಗ ಅವರ ಮುಖ ಹೇಗಿದ್ದಿರಬಹುದು ಎಂದು ನನಗೆ ಆಗ ಗೊತ್ತಾಯಿತು.

ಶಾರದಮ್ಮ ಕಣ್ಣು ಬಿಟ್ಟರು. "ಯಾಕೋ, ನಾನು ಯಾವಾಗ ಶುರು ಮಾಡಬೇಕು ಅಂತ ತೋರಿಸೋದಿಲ್ವಾ ನೀನು?"

"ನಾನ್ಯಾವತ್ ತೋರಿಸಿದ್ದೆ ಅಮ್ಮಾರೆ?"

ಶಾರದಮ್ಮ ಗುಂಡಿಯ ಮೇಲಿದ್ದ ಅವರ ಬೆರಳನ್ನು ನೋಡಿದರು. "ಅಯ್ಯೋ ರಾಮ. ಆ ಗೊರ್ ಕೇಳಿಸಿಕೊಂಡೇ ನಾನು ಎತ್ತಿಕೊಳ್ತಿದ್ದೆ ಕಣೋ!"

ಸಭೆ ನಗುವ ಮೊದಲೇ ಗೌಡರು ಮತ್ತೆ ತುಣುಕು ನುಡಿಸಿ, ಗುಂಡಿ ಇಳಿಸಿ, ಮೈಕಿನತ್ತ ಬಾಗಿ, ಗಂಟಲಿನಿಂದ "ಗೊರ್ರ್" ಎಂದರು. ಶಾರದಮ್ಮ ಸರಿಯಾಗಿ ಎತ್ತಿಕೊಂಡರು. ಮೊದಲ ಸಾಲಿನಲ್ಲಿ ನಗು ಬೆರೆತಿತ್ತು. ಎರಡನೆಯದರಿಂದ ದನಿ ನೇರವಾಯಿತು. ಪ್ರತಿ ಚರಣಕ್ಕೂ ಗೌಡರು ಬಾಗಿದರು.

ಆಮೇಲೆ ಕಾಫಿ ಕುಡಿಯುವಾಗ ಶಾರದಮ್ಮ, "ಅರಕಲಗೂಡಿನಲ್ಲಿ ನಾನು ಹಾಗೆ ಅನ್ನಬಾರದಿತ್ತು" ಎಂದರು.

"ನೀವಂದಿದ್ದು ಸರ್ಯಾಗೇ ಇತ್ತು ಬುಡಿ. ಅವತ್ತು ನಂಗೂ ಜೀರ್ಣ ಆಗಿರ್ಲಿಲ್ಲ."

ಕೆಲವು ದಿನಗಳ ನಂತರ ಗೌಡರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಶಾರದಮ್ಮ ಅರಕಲಗೂಡಿನಲ್ಲಿ ಇನ್ನೊಂದು ಕಾರ್ಯಕ್ರಮಕ್ಕೆ ಒಪ್ಪಿದ್ದರಂತೆ. "ಆ ಗುಂಡೀಲಿ ಒಂಚೂರು ಗೊರ್ ಬರಂಗೆ ಮಾಡ್ಕೊಡಿ ಮೇಡಮ್ಮಾ. ಬೋ ಜಾಸ್ತಿ ಬ್ಯಾಡ, ಅವ್ರೊಬ್ರಿಗೆ ಆಗೋವಷ್ಟು." ಸರಿಮಾಡಲು ಕಲಿತಿದ್ದೇನೆ, ಅಳತೆ ನೋಡಿ ಕೆಡಿಸಲು ಬರುವುದಿಲ್ಲ ಎಂದೆ. "ಹಂಗಾರೆ ಇನ್ನೂ ನಾಕು ಆಯ್ಧಪೂಜೆ ಕಾಯ್ಬೇಕು ಅನ್ನಿ" ಎಂದು ನಗುತ್ತಾ ಇಳಿದು ಹೋದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅರಕಲಗೂಡಿನ ಕಾರ್ಯಕ್ರಮ ನಡೆಯಲಿಲ್ಲ. ಒಂದು ಸಂಜೆ ಕಾಲೇಜಿನಿಂದ ಬಂದಾಗ ಅಂಗಡಿಯ ಬಾಗಿಲು ಮುಚ್ಚಿತ್ತು. ಎದೆನೋವಂತೆ, ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಹೋಗಿಬಿಟ್ಟರಂತೆ, ನಾಳೆ ಅವರ ಹೊಲದಲ್ಲೇ ಮಣ್ಣಂತೆ ಎಂದು ಪಕ್ಕದ ಅಂಗಡಿಯವರು ಹೇಳಿದರು. ನಾನೇ ಶಾರದಮ್ಮನವರಿಗೆ ಫೋನು ಮಾಡಿದೆ. ಅವರು, "ನನಗೆ ದಾರಿ ಗೊತ್ತಿಲ್ಲಮ್ಮ. ಅಷ್ಟು ವರ್ಷ ಜೊತೇಲಿ ಹಾಡಿದ್ದೀನಿ, ಅವನ ಮನೆಗೆ ಒಂದು ಸಲಾನೂ ಹೋಗಿಲ್ಲ ನೋಡು" ಎಂದರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹೇಳಿ ಬಸ್ ನಿಲ್ದಾಣಕ್ಕೆ ಹೋದೆ. ಹೊಳೆನರಸೀಪುರದ ಬಸ್ಸಿನಿಂದ ಇಳಿದ ಶಾರದಮ್ಮನವರ ಕೈಯಿಂದ ಹೂವಿನ ಪೊಟ್ಟಣ ತೆಗೆದುಕೊಂಡೆ. ಇನ್ನೊಂದು ಬಸ್ಸು ಹತ್ತಿ, ಅವರನ್ನು ಕಿಟಕಿ ಪಕ್ಕ ಕೂರಿಸಿ, ಇಬ್ಬರ ಆಧಾರ್ ಕಾರ್ಡನ್ನೂ ಕಂಡಕ್ಟರಿಗೆ ತೋರಿಸಿ, ದಂಡಿಗನಹಳ್ಳಿಗೆ ಎರಡು ಟಿಕೆಟ್ ಕೇಳಿದೆ.