ಜುಬೇದಕ್ಕನಿಗೆ ನನ್ನ ಕೌನ್ಸೆಲಿಂಗ್

ಗೆಳೆಯರೇ, ಸೈಕಾಲಜಿ ವಿದ್ಯಾರ್ಥಿನಿಯಾದ ನಾನು ಇವತ್ತು ಆಲ್ದೂರಿನಲ್ಲಿ ನಮ್ಮ ಪಕ್ಕದ ಮನೆಯ ಜುಬೇದಕ್ಕನಿಗೆ ಕೌನ್ಸೆಲಿಂಗ್ ಮಾಡಿದೆ. ಅವರು ರಂಜಾನ್ ಹಬ್ಬದಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದರು.

"ನನ್ನ ಬಿರಿಯಾನಿಗೆ ಉಪ್ಪಿಲ್ಲ ಅಂದ್ಲು, ಬೇಜಾರಾಯ್ತು" ಎಂದು ಕಣ್ಣೊರೆಸಿಕೊಂಡರು.

ಉಪದೇಶ ಮಾಡಬೇಡಿ, ಎದುರಿನವರ ಭಾವನೆಯನ್ನೇ ತಿರುಗಿ ಹೇಳಿ ಎಂದು ಕ್ಲಾಸಿನಲ್ಲಿ ಮೇಡಂ ಕಲಿಸಿದ್ದಾರೆ.

"ನಿಮಗೆ ಬೇಜಾರಾಗಿದೆ" ಎಂದೆ.

"ಅದನ್ನೇ ಅಲ್ವಾ ಮಾರಾಯ್ತಿ ನಾನು ಹೇಳಿದ್ದು!"

"ನಾನು ಕೇಳಿಸಿಕೊಳ್ತಿಲ್ಲ ಅಂತ ನಿಮಗೆ ಅನ್ನಿಸ್ತಿದೆ."

ಜುಬೇದಕ್ಕ ಸಿಟ್ಟಿನಿಂದ ನೇರವಾಗಿ ತಂಗಿಗೇ ಫೋನ್ ಮಾಡಿದರು. "ಕೇಳೇ ಇಲ್ಲಿ, ಪಕ್ಕದ್ಮನೆ ಹುಡುಗಿ ಕಾಲೇಜಿಗೆ ಹೋಗಿ ಗಿಳಿಯಾಗಿ ಬಂದಿದಾಳೆ!"

ಇಬ್ಬರೂ ನನ್ನನ್ನು ಆಡಿಕೊಂಡು ಹೊಟ್ಟೆ ತುಂಬಾ ನಕ್ಕರು. ಭಾನುವಾರ ತಂಗಿ ಊಟಕ್ಕೆ ಬರುತ್ತಾರಂತೆ.

ಕೌನ್ಸೆಲಿಂಗ್ ಫಲಿಸಿತು. ಯಾವ ವಿಧಾನದಿಂದ ಎಂದು ಮೇಡಂ ಕೇಳಿದರೆ ಮಾತ್ರ ನಾನು ಊರಲ್ಲಿರುವುದಿಲ್ಲ.