ಹರಿದುಹೋದ ಹದಿನಾರು ಪುಟ

ಅಂಟಕ್ಕನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಸಿಟ್ಟಿಗೆ ಕಾರಣವೇನೆಂದು ಒಮ್ಮೆಯಾದರೂ ಕೇಳಿದ್ದರೆ ಆ ಮಾತಿಗೆ ಬೆಲೆ ಇರುತ್ತಿತ್ತು.

ಮೂವತ್ತೊಂದು ವರ್ಷ ಬಾಡಿಗೆ ಲೈಬ್ರರಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಬೆನ್ನು ಮುರಿದ ಪತ್ತೇದಾರಿ ಕಾದಂಬರಿಗಳಿಗೆ ದಬ್ಬಳದಲ್ಲಿ ಹೊಲಿಗೆ ಹಾಕಿ, ಮೈದಾ ಅಂಟು ಬಳಿದು, ರಟ್ಟು ಕಟ್ಟಿದವಳು ಅವಳು. ಬೆರಳಿನ ಅಂಟು ಊಟದ ಹೊತ್ತಿಗೂ ಪೂರ್ತಿ ಬಿಡುತ್ತಿರಲಿಲ್ಲ. ಹೆಸರು ಹಾಗೆ ಬಂತು.

ಓದಿನ ಹುಚ್ಚು ಅದಕ್ಕಿಂತ ಹಳೆಯದು. ಹನ್ನೆರಡನೇ ವಯಸ್ಸಿನಲ್ಲಿ ಭೂಗೋಳದ ಪುಸ್ತಕದ ನಡುವೆ ಕೊಲೆಯ ಕತೆ ಇಟ್ಟುಕೊಂಡು ಓದುತ್ತಿದ್ದಾಗ ಅಪ್ಪನ ಕೈಗೆ ಸಿಕ್ಕಿಬಿದ್ದಳು. ಅಪ್ಪ ಪುಸ್ತಕವನ್ನು ನೀರೊಲೆಗೆ ತುರುಕಿದ. ಇನ್ನು ಎಂಟೇ ಎಂಟು ಪುಟ ಉಳಿದಿದ್ದವು! ಬೆನ್ನಿಗೆ ಬಿದ್ದ ಏಟಿಗೆ ಅವಳು ಅಳಲಿಲ್ಲ, ಕೊಲೆಗಾರ ಯಾರೆಂದು ತಿಳಿಯಲಿಲ್ಲವಲ್ಲ ಎಂದು ಅತ್ತಳು. ಮರುದಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಆ ಎಂಟು ಪುಟಗಳನ್ನು ತಾನೇ ಬರೆದಳು.

ಇಪ್ಪತ್ತೆರಡಕ್ಕೆ ಮೂರು ಪತ್ತೇದಾರಿ ಕಾದಂಬರಿ ಬರೆದು ಪ್ರಕಾಶಕರಿಗೆ ಕಳಿಸಿದಳು. ಮೂರೂ ವಾಪಸ್ಸು ಬಂದವು. ಮೂರನೆಯದರ ಜೊತೆ ಒಂದು ಚೀಟಿಯೂ ಇತ್ತು: "ಹೆಂಗಸರ ಕೈಗೆ ಕೊಲೆ ಒಗ್ಗುವುದಿಲ್ಲ. ಸಾಂಸಾರಿಕ ಕತೆ ಇದ್ದರೆ ಕಳಿಸಿ." ಓದಿ ಅವಳ ಮೈಯೆಲ್ಲ ಉರಿದುಹೋಯಿತು. ಆ ಕ್ಷಣ ಆ ಪ್ರಕಾಶಕ ಎದುರಿಗಿದ್ದಿದ್ದರೆ, ಒಗ್ಗುತ್ತದೋ ಇಲ್ಲವೋ ತೋರಿಸಿಯೇ ಬಿಡುತ್ತಿದ್ದಳು.

ಲೈಬ್ರರಿಗೆ ಸೇರಿದ ಮೇಲೆ ಅವಳಿಗೆ ಬೇರೆಯೇ ದಾರಿ ಕಂಡಿತು. ಬಾಡಿಗೆ ಪುಸ್ತಕಗಳ ಹಣೆಬರಹವೆಂದರೆ ಮೊದಲು ಹೋಗುವುದು ಕೊನೆಯ ಹಾಳೆಗಳೇ. ಒಮ್ಮೊಮ್ಮೆ ಹದಿನಾರು ಪುಟಗಳ ಕಟ್ಟೇ ಕಳಚಿ ಯಾವುದೋ ಬಸ್ಸಿನ ಸೀಟಿನ ಕೆಳಗೆ ಸೇರಿಬಿಡುತ್ತದೆ. ತಾನು ಓದಿ ಮುಗಿಸಿ, ಮುಂದಿನವರಿಗೆ ಸಿಗಬಾರದೆಂದೇ ಹರಿದುಕೊಳ್ಳುವ ಪಾಪಿಗಳೂ ಇದ್ದಾರೆ. ಅಂಥ ಪುಸ್ತಕಗಳನ್ನು ಲೈಬ್ರರಿಯ ಯಜಮಾನ ರದ್ದಿಗೆ ಹಾಕುತ್ತಿದ್ದ. ಅಂಟಕ್ಕ ತಡೆದಳು. ಹೋದ ಪುಟಗಳನ್ನು ತಾನೇ ಬರೆದು, ಅದೇ ಅಳತೆಗೆ ಕತ್ತರಿಸಿ, ಹೊಲಿದು ಸೇರಿಸಿದಳು. ಪ್ರತಿಯೊಂದರ ನೆತ್ತಿಯಲ್ಲೂ "ಇಲ್ಲಿಂದ ಮುಂದೆ ಅಂಟಕ್ಕ" ಎಂದು ಒಂದು ಸಾಲು.

ಓದುವವರು ಮುಗಿಬಿದ್ದರು. "ಅಂಟಕ್ಕ ಮುಗಿಸಿರೋದು ಇದ್ರೆ ಕೊಡಿ" ಎಂದು ಕೇಳಿ ಒಯ್ಯುವಷ್ಟಾಯಿತು. ಕೈಬರಹ ಮಾಸತೊಡಗಿದಾಗ ಯಜಮಾನ ಆ ಪುಟಗಳನ್ನೆಲ್ಲ ಪಕ್ಕದ ಟೈಪಿಂಗ್ ಶಾಲೆಯಲ್ಲಿ ಟೈಪ್ ಮಾಡಿಸಿದ. ಹೊಲಿಯಲು ಅವಳ ಕೈಗೆ ಬಂದಾಗ ನೆತ್ತಿಯ ಸಾಲು ಇರಲಿಲ್ಲ.

"ನನ್ನ ಸಾಲು ಎಲ್ಲಿ ಯಜಮಾನ್ರೇ?"

"ನಾನೇ ಬಿಡೋಕೆ ಹೇಳ್ದೆ. ಸುಮ್ನೆ ಜಾಗ ತಿನ್ನುತ್ತೆ."

ಒಂದೇ ಒಂದು ಸಾಲು ತಿನ್ನುವ ಜಾಗ ಎಷ್ಟು ಮಹಾ! ಆದರೆ ಕೆಲಸ ಹೋದೀತೆಂಬ ಭಯಕ್ಕೆ ಅವಳು ಹಲ್ಲು ಕಚ್ಚಿ ಹೊಲಿದಳು. ಅವತ್ತು ಸುಮ್ಮನಿದ್ದುದಕ್ಕೆ ಅವಳಿಗೆ ತನ್ನ ಮೇಲೇ ಇವತ್ತಿಗೂ ಸಿಟ್ಟಿದೆ.

ಅವಳಿಗೆ ಎಲ್ಲರಿಗಿಂತ ಪ್ರಿಯವಾದ ಕಾದಂಬರಿಕಾರನೊಬ್ಬನಿದ್ದ. ತಿಂಗಳಿಗೊಂದು ಬರೆಯುತ್ತಿದ್ದ ಗಟ್ಟಿಗ. ಅವನ ಒಂದನ್ನೂ ಅವಳು ಬಿಟ್ಟವಳಲ್ಲ. ಕತ್ತಲ ಓಣಿ, ಮುರಿದ ಬೀಗ, ಅರ್ಧ ಕುಡಿದಿಟ್ಟ ಲೋಟ, ಇವನ್ನೆಲ್ಲ ಅವನಂತೆ ಬರೆಯುವವರೇ ಇಲ್ಲ ಎಂದು ಅವಳ ವಾದ. ಆದರೆ ಒಂದು ಚಾಳಿ ಮಾತ್ರ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಯಾವ ಕತೆಯಾದರೂ ಸರಿ, ಗಂಡ ಸತ್ತರೆ ಕೊಂದವಳು ಹೆಂಡತಿಯೇ. ಅವನ ಹಳೆಯ ಕಾದಂಬರಿಯೊಂದರ ಕೊನೆಯ ಹದಿನಾರು ಪುಟ ಕಳಚಿ ಬಂದಾಗ, ಮೂಲ ಬಾಯಿಪಾಠವಿದ್ದರೂ ಅವಳು ಅದನ್ನು ಬರೆಯಲಿಲ್ಲ. ಹೆಂಡತಿಯನ್ನು ಬಿಡಿಸಿದಳು. ದಿನಾ ಬಂದು ನಾಡಿ ನೋಡಿ ಹೋಗುತ್ತಿದ್ದ, ಎಲ್ಲರಿಗೂ ಬೇಕಾದ ಡಾಕ್ಟರನ್ನು ಹಿಡಿದು ಹಾಕಿದಳು. ಅವಳು ಬರೆದದ್ದರಲ್ಲೆಲ್ಲ ಅವಳಿಗೆ ಹೆಮ್ಮೆಯಿದ್ದದ್ದು ಅದೊಂದರ ಮೇಲೆ.

ಮೂವತ್ತೊಂದನೆಯ ವರ್ಷ ಅದೇ ಕಾದಂಬರಿ ಮರುಮುದ್ರಣವಾಯಿತು. ಬೇರೆಲ್ಲೂ ಪ್ರತಿ ಸಿಗದೆ ಹೊಸ ಪ್ರಕಾಶಕ ಯಜಮಾನನ ಬಳಿ ಬಂದಿದ್ದ. ಅಂಟಕ್ಕನ ಪುಟ ಹೊಲಿದಿದ್ದ ಪ್ರತಿಯನ್ನೇ ಯಜಮಾನ ಅವಳಿಗೆ ಒಂದು ಮಾತೂ ಹೇಳದೆ ಕೊಟ್ಟು ಕಳಿಸಿದ್ದ. ಪತ್ರಿಕೆಯಲ್ಲಿ ವಿಮರ್ಶಕರೊಬ್ಬರು ಬರೆದಿದ್ದರು: "ಡಾಕ್ಟರನ ಮುಖವಾಡ ಕಳಚುವ ಕೊನೆಯ ಪುಟಗಳು ಈ ಪ್ರಕಾರದ ಶಿಖರ."

ಅಂಟಕ್ಕ ಪತ್ರಿಕೆ ಹಿಡಿದು ಗಲ್ಲಾದ ಮುಂದೆ ನಿಂತಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಮ್ಮ ಬೈಂಡಿಂಗ್ ಹೆಂಗಸು ಬರ್ದಿದ್ದು ಅಂತಾನಾ? ಅಚ್ಚಾಯ್ತಲ್ಲ, ಅದೇ ನಿನ್ನ ಪುಣ್ಯ ಅಂದ್ಕೊ."

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತಾಯಿತು. ಮೇಲಿಂದ ಗೆದ್ದಲೇ ಹಾವಿಗೆ ಕೈ ಮುಗಿಯಬೇಕಂತೆ!

ಮನೆಯಲ್ಲಿ ಅತ್ತಿಗೆ ಸಮಾಧಾನ ಹೇಳಿದಳು. "ಬಿಡಮ್ಮಾ, ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ."

"ಮೂಗು ಹೋಗಿರೋದು ನಂದು ಅತ್ತಿಗೇ. ಆ ಗಾದೆ ಕೊಯ್ದವರಿಗೆ ಹೇಳಿ."

ಬಿಡುಗಡೆಯ ಸಮಾರಂಭಕ್ಕೆ ಅವಳು ಒಬ್ಬಳೇ ಹೋದಳು. ಸಭಾಂಗಣ ತುಂಬಿತ್ತು, ಎಲ್ಲರ ಕೈಯಲ್ಲೂ ಹೊಸ ಪುಸ್ತಕ. ವಿಮರ್ಶಕರು ಕೊಲೆಗಾರ ಯಾರೆಂದು ಮಾತ್ರ ಬಾಯಿಬಿಡದೆ ಮತ್ತೆ ಶಿಖರ ಹತ್ತಿ ಇಳಿದರು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಕಾದಂಬರಿಕಾರ ಕೂತಿದ್ದ. ಮುದುಕನಾಗಿದ್ದ, ಕೈ ನಡುಗುತ್ತಿತ್ತು. ಅವಳು ಅವನನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಒಂದು ಗಳಿಗೆ ಮನಸ್ಸು ಕರಗಿತು. ಮರುಗಳಿಗೆಗೆ ಎದ್ದು ನಿಂತಳು.

"ಕೊನೇ ಹದಿನಾರು ಪುಟ ನಾನು ಬರ್ದಿದ್ದು."

ಹಾಲ್ ಗೊಳ್ಳೆಂದು ನಕ್ಕಿತು. ಪ್ರಕಾಶಕ "ಯಾರಮ್ಮಾ ನೀವು, ಕೂತ್ಕೊಳ್ಳಿ" ಎಂದ. ಕಾದಂಬರಿಕಾರ ಮೈಕು ಎಳೆದುಕೊಂಡ. "ತಾಯೀ, ಈ ಪುಸ್ತಕದ ಒಂದೊಂದು ಅಕ್ಷರನೂ ನಂದೇ."

ಅವಳು ಕೂರಲಿಲ್ಲ. "ಹಾಗಾದ್ರೆ ಹೇಳಿ ಸ್ವಾಮೀ, ಕೊಲೆ ಮಾಡಿದ್ದು ಯಾರು?"

ಮುದುಕ ನಕ್ಕ. "ಇನ್ಯಾರು? ಹೆಂಡ್ತಿ!"

ಈ ಸಲ ಯಾರೂ ನಗಲಿಲ್ಲ. ಪುಟ ಮಗುಚುವ ಸದ್ದು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೂ ಹರಡಿತು. ವಿಮರ್ಶಕರು ನೀರು ಕುಡಿದರು. ಸ್ವಂತ ಪುಸ್ತಕದ ಹೊಸ ಮುದ್ರಣವನ್ನು ಆ ಮನುಷ್ಯ ಬಿಚ್ಚಿಯೂ ನೋಡಿರಲಿಲ್ಲ. ಪ್ರಕಾಶಕ ಮುಂದೆ ಬಾಗಿ, "ವಯಸ್ಸಾಗಿದೆ, ಮರೆವು..." ಎಂದು ಶುರುಮಾಡಿದ.

"ಮರೆವಲ್ಲ ಕಣಯ್ಯಾ, ನಾನು ಹೆಂಡ್ತೀನೇ ಬರ್ದಿದ್ದೆ" ಎಂದು ಮುದುಕ ಮೈಕು ಅತ್ತ ಸರಿಸಿ, ಕನ್ನಡಕ ಏರಿಸಿಕೊಂಡು, ಕೊನೆಯ ಪುಟಗಳನ್ನು ತೆರೆದ. ಅಲ್ಲೇ, ಅಷ್ಟು ಜನರ ಎದುರಿಗೇ ಓದತೊಡಗಿದ. ಪ್ರಕಾಶಕ ಭುಜ ಮುಟ್ಟಿದರೆ ಕೈ ಕೊಡವಿದ. ಒಂದು ಕಡೆ ಹುಬ್ಬು ಗಂಟಿಕ್ಕಿದ, ಇನ್ನೊಂದು ಕಡೆ ತಲೆದೂಗಿದ, ಎರಡು ಪುಟ ಹಿಂದಕ್ಕೆ ಹೋಗಿ ಮತ್ತೆ ಓದಿದ. ಜನ ಕಾಫಿಗೆಂದು ಏಳತೊಡಗಿದ್ದರು. ಅಂಟಕ್ಕ ಮೆಟ್ಟಿಲು ಹತ್ತಿ ಮೇಜಿನ ಮುಂದೆ ನಿಂತು ಕಾದಳು. ಅವನ ನೂರಾರು ಪುಸ್ತಕ ಅವಳು ಓದಿದ್ದಳು. ಅವಳದನ್ನು ಅವನು ಓದುತ್ತಿದ್ದುದು ಇದೇ ಮೊದಲು.

ಹದಿನಾರನೆಯ ಪುಟ ಮುಗಿಸಿ ಮುದುಕ ತಲೆಯೆತ್ತಿದ. ಕಣ್ಣು ಒದ್ದೆಯಾಗಿತ್ತು. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದ: "ಡಾಕ್ಟರು... ನಂಗೆ ಹೊಳೀಲೇ ಇಲ್ಲ ನೋಡು. ನಂದಕ್ಕಿಂತ ಚೆನ್ನಾಗಿದೆಯಮ್ಮಾ."

ಜೀವಮಾನವಿಡೀ ಕೇಳಬೇಕೆಂದಿದ್ದ ಮಾತು ಅದು. ಸಿಟ್ಟು ಮಾತ್ರ ಇಳಿಯಲಿಲ್ಲ. ಅಂಟು ಹಿಡಿದ ಬೆರಳುಗಳಿಂದ ಮೈಕನ್ನು ಅವನ ಬಾಯಿಯ ಹತ್ತಿರಕ್ಕೆ ತಳ್ಳಿದಳು.

"ಇದ್ರಲ್ಲಿ ಹೇಳಿ" ಎಂದಳು.