ಬೆಟ್ಟಕ್ಕೆ ಬೆಟ್ಟ ಕಾಣುವಷ್ಟು ದೂರ

ಮೊನ್ನೆ ಮೊಮ್ಮಗಳು ವಿಮಾನದಲ್ಲಿ ಹೈದರಾಬಾದಿಗೆ ಹೋಗಿಬಂದು, “ಅಜ್ಜಿ, ಆಕಾಶದಲ್ಲಿ ದಾರಿ ನೆಟ್ಟಗೆ, ದೂರವೂ ಕಡಿಮೆ” ಎಂದು ನನಗೆ ಪಾಠ ಹೇಳಿದಳು. ಖುಷಿ ತಡೆಯಲಾರದೆ ಅವಳ ಕೆನ್ನೆ ಹಿಂಡಿದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಹಕ್ಕಿಯ ದೂರವೇ ಬೇರೆ, ಬಸ್ಸಿನ ದೂರವೇ ಬೇರೆ ಎಂಬುದನ್ನು ಮದುವೆಗೆ ಮುಂಚೆಯೇ ಕಲಿತವಳು.

ಅರವತ್ತರ ದಶಕ. ಮಧುಗಿರಿಯ ನಮ್ಮ ಮನೆಗೆ ಪಾವಗಡದಿಂದ ಹೆಣ್ಣು ನೋಡಲು ಬಂದರು. ಮನೆಯಲ್ಲಿ ನಮ್ಮಜ್ಜಿಯ ಮಾತೇ ಕೊನೆ. ಅವಳದೊಂದು ಅಳತೆಯಿತ್ತು: ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಿ ಚೊಂಬು ಹಿಡಿದು ಹೊರಟರೆ, ಗಂಡಿನ ಊರು ಸೇರುವಾಗ ಮೊಸರು ಸಿಹಿಯಾಗಿರಬೇಕು. ಹುಳಿ ಬಂದರೆ ಆ ಊರಿಗೆ ಹೆಣ್ಣು ಕೊಡುವುದಿಲ್ಲ. ಸಿರಾದಾಚೆಯ ಒಂದು ಸಂಬಂಧ ಹಾಗೇ ಮುರಿದಿತ್ತು.

ಗಂಡಿನ ಸೋದರಮಾವ ತಮ್ಮೂರಿನ ತೆಲುಗು ಬೆರೆಸಿ ಜೋರಾಗಿ ಹೇಳಿದರು: “ದೂರ ಎಲ್ಲೈತಮ್ಮ? ನಮ್ ಕೊಂಡ ಹತ್ತಿದ್ರೆ ಅದಿಗೋ ಅಂತ ನಿಮ್ ಬೆಟ್ಟ ಕಾಣ್ತೈತೆ!”

“ಕಂಡ್ರೆ ಸಾಕಾ? ಚಂದ್ರನೂ ಕಾಣ್ತಾನೆ. ನನ್ ಮೊಮ್ಮಗಳೇನು ಕಾಗೆನಾ, ಹಾರ್ಕೊಂಡು ಬರಾಕೆ?” ಎಂದಳು ಅಜ್ಜಿ.

ಅಷ್ಟರಲ್ಲಿ ಗಂಡೇ ಬಾಯಿಬಿಟ್ಟರು. “ಬಸ್ಸು ಸುತ್ತಾಕ್ಕೊಂಡು ಬತ್ತೈತೆ ಅಜ್ಜಿ. ದಾರೀಲಿ ಇಂಜಿನ್ನಿಗೆ ನೀರು ಹುಯ್ಯಾಕೆ ನಿಂತ್ರೆ ಮದ್ಯಾನನೇ ಆಗೋಯ್ತದೆ.”

ಸೋದರಮಾವ ಅವರ ತೊಡೆ ಜಿಗುಟಿದ್ದು ಬಾಗಿಲ ಸಂದಿಯಿಂದ ನನಗೆ ಕಂಡಿತು. ತನಗೇ ನಷ್ಟವಾಗುವ ನಿಜ ಹೇಳಿದ ಮನುಷ್ಯ! ಮದುವೆಯಾದರೆ ಇವರನ್ನೇ ಎಂದುಕೊಂಡೆ. ಆದರೆ ಹೆಣ್ಣುಮಕ್ಕಳು ಅದನ್ನು ಹೇಳುವ ಕಾಲವೇ ಅದು?

ಮುಂದಿನ ವಾರ ಅಪ್ಪ, ಅಜ್ಜಿ ಗಂಡಿನ ಮನೆ ನೋಡಲು ಬೆಳಗಿನ ಬಸ್ಸಿಗೆ ಹೊರಟರು. ಹಾಲಿಗೆ ಹೆಪ್ಪು ಹಾಕುವ ಕೆಲಸ ನನ್ನದು. ದಿನಾ ಹಾಕುತ್ತಿದ್ದುದು ಒಂದು ಚಮಚ. ಅಂದು ಬೆರಳ ತುದಿಯಿಂದ ಒಂದೇ ತೊಟ್ಟು ಬಿಟ್ಟು, ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿಕೊಟ್ಟೆ. ಅವರು ಹಿಂತಿರುಗುವವರೆಗೂ ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಓಡಿದೆ.

ಮರುದಿನ ಸಂಜೆ ಅಜ್ಜಿ ಬಂದು ಜಗಲಿಯ ಮೇಲೆ ಕಾಲು ಚಾಚಿದಳು.

“ಎಲ್ಲಾರ ಮುಂದೆ ಚೊಂಬು ಬಿಚ್ಚುದ್ರೆ ಹಾಲು ಇನ್ನೂ ಹಾಲಾಗೇ ಐತೆ!”

“ಅಂಗಾರೆ ಊರು ಹತ್ರನೇ ಅಂತಾಯ್ತಲ್ಲವ್ವಾ” ಎಂದ ಅಪ್ಪ.

“ಸುಮ್ಕಿರ್ಲಾ. ಬಸ್ಸು ಎಲ್ಡು ಸತಿ ಕೆಟ್ಟು ನಿಂತು, ನಾವು ಇಳಿಯೋವಾಗ ಹೊತ್ತು ವಾಲಿತ್ತು. ಅಷ್ಟೊತ್ತಿಗೆ ಕಲ್ಲೂ ಹುಳಿಯಾಗ್ತೈತೆ!” ಆಮೇಲೆ ನನ್ನ ಕಡೆ ತಿರುಗಿದಳು. “ಏನವ್ವಾ, ಮನೇಲಿ ಹೆಪ್ಪಿಗೆ ಬರ ಬಂದಿತ್ತಾ?”

ನಾನು ಚೊಂಬು ಎತ್ತಿಕೊಂಡು ಒಳಗೆ ಹೊರಟೆ.

“ಹೇಳೇ, ಅಷ್ಟು ದೂರ ಹೋಯ್ತೀಯಾ?”

“ಹೋಗ್ತೀನಿ.” ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

“ಬಾಯ್ಬಿಟ್ಟು ಹೇಳಾಕೇನಾಗಿತ್ತೇ ಕಳ್ಳಿ? ಬೀಗ್ರ ಮುಂದೆ ನನ್ ಮಾನ ತೆಗುದ್ಯಲ್ಲೇ!” ಎಂದು ಬೈಯುತ್ತಲೇ ಅಪ್ಪನಿಗೆ ಹೇಳಿದಳು: “ಲೇ, ಯಾಕ್ಲಾ ನಿಂತಿದ್ದೀಯಾ? ಹೋಗಿ ಲಗ್ನ ಕೇಳ್ಕೊಂಡು ಬಾ.”

ಅಪ್ಪ ಕಾಲು ಕೂಡ ತೊಳೆಯದೆ ಜೋಯಿಸರ ಮನೆಗೆ ಹೊರಟ.